ಶ್ರೀರಂಗಪಟ್ಟಣಕ್ಕೆ ಬಂದ ಪಾದ್ರಿ

ಹರಿಹರದ ಹರಿಹರೇಶ್ವರ ದೇವಾಲಯದ ಪ್ರಸ್ತಾಪ ಪಾಠದಲ್ಲಿ ಬಂದಾಗಲೆಲ್ಲ ನಾನು ಒಂದು ಮಾತನ್ನು ತಪ್ಪದೆ ಆಡುತ್ತಿದ್ದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಹರನೂ ಹರಿಯೂ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ. ಅಂತೆಯೇ ಲೋಕದ ಮತಗಳೆಲ್ಲ ಒಂದೇ, ಭೇದವೆಲ್ಲ ನಮ್ಮ ಅಜ್ಞಾನದ ಫಲ ಎಂದು. ಮಕ್ಕಳು ತಲೆದೂಗುತ್ತಿದ್ದರು. ನನಗೂ ಒಂದು ಒಳ್ಳೆಯ ಮಾತನ್ನಾಡಿದ ಸಮಾಧಾನ ಆಗುತ್ತಿತ್ತು.

ಒಂದು ಸಂಜೆ ಕಾಲೇಜು ಬಿಟ್ಟು ಎಂ.ಸಿ.ಸಿ. ಬಡಾವಣೆಯ ಮನೆಯ ಕಡೆಗೆ ನಡೆದು ಬರುತ್ತಿದ್ದೆ. ಇಬ್ಬರು ವಿದ್ಯಾರ್ಥಿಗಳು ಹಿಂದಿನಿಂದ ಬಂದು ಜೊತೆಗೂಡಿದರು. ಒಬ್ಬ ಕ್ರೈಸ್ತರ ಹುಡುಗ, ಇನ್ನೊಬ್ಬ ಮುಸಲ್ಮಾನರ ಹುಡುಗ, ಒಂದೇ ಬೆಂಚಿನವರು. ಸ್ವಲ್ಪ ದೂರ ಸುಮ್ಮನೆ ನಡೆದ ಮೇಲೆ ಮೊದಲನೆಯವನು, "ಸಾರ್, ಬೇಜಾರು ಮಾಡ್ಕೋಬೇಡ್ರಿ. ಎಲ್ಲಾ ಮತಾನೂ ಒಂದೇ ಅಂದ್ರಿ. ನನಗೆ ಅದು ಒಂದೇ ಅಲ್ಲ" ಎಂದ. ಎರಡನೆಯವನು ಒಡನೆಯೇ, "ನನಗೂ ಅಲ್ಲ ಸಾರ್. ಆ ವಿಷಯದಾಗೆ ನಾವಿಬ್ರೂ ಒಂದೇ" ಎಂದು ನಕ್ಕ. ನಾನೂ ನಕ್ಕೆ. ಆದರೆ ಮೊದಲನೆಯವನು ಬಿಡಲಿಲ್ಲ. "ನನ್ನ ನಂಬಿಕೆ ನಿಜ ಅಂತ ನಾನು ನಂಬಿದ ಮೇಲೆ ಇವನ ನಂಬಿಕೆಗೆ ಗೌರವ ಕೊಡೋದು ನಾಟಕ ಆಗೋದಿಲ್ವ ಸಾರ್?" ಎಂದು ಕೇಳಿದ.

ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲವೂ ಒಂದೇ ಎಂದು ಹೇಳುವಾಗ ನಾನು ಆ ಇಬ್ಬರನ್ನೂ ಗೌರವಿಸುತ್ತಿದ್ದೇನೆಂದು ಭಾವಿಸಿದ್ದೆ. ಅವರಿಗಾದರೋ, ತಮಗೆ ಅತ್ಯಂತ ಪ್ರಿಯವಾದುದನ್ನು ಈ ಮೇಷ್ಟ್ರು ಕೇಳದೆಯೇ ತೆಗೆದು ಪಕ್ಕಕ್ಕಿಟ್ಟರೆಂದು ತೋರಿತ್ತು. ಈ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿದೆಯೆ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು 1779ರ ಒಂದು ಭೇಟಿಯ ಕಥೆ.

ಆ ಕಾಲದಲ್ಲಿ ನಮ್ಮ ದಾವಣಗೆರೆ ದೊಡ್ಡ ಊರೇನೂ ಅಲ್ಲ. ಹೈದರ್ ಅಲಿಯು ಇದನ್ನು ಆಪೋಜಿ ರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದುದರಿಂದ ಊರು ಬೆಳೆಯಿತೆಂದೂ ಗೆಜೆಟಿಯರು ಹೇಳುತ್ತದೆ. ನಾವು ಓಡಾಡುವ ಪೇಟೆಯ ಮೊದಲ ಪುಟದಲ್ಲಿಯೇ ಹೈದರನ ಹೆಸರಿದೆ. ಈ ಕಥೆಯ ಒಬ್ಬ ಪಾತ್ರಧಾರಿ ಅವನೇ.

ಇನ್ನೊಬ್ಬರು ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್. 1726ರಲ್ಲಿ ಜರ್ಮನಿಯ ಬ್ರಾಂಡೆನ್‌ಬರ್ಗ್ ಸೀಮೆಯಲ್ಲಿ ಹುಟ್ಟಿದ ಈ ಲೂಥರನ್ ಪಾದ್ರಿ 1750ರಲ್ಲಿ ತರಂಗಂಬಾಡಿಗೆ ಬಂದಿಳಿದವರು. ಮತ್ತೆ ಸ್ವದೇಶಕ್ಕೆ ಹಿಂದಿರುಗಲಿಲ್ಲ, ಮದುವೆಯಾಗಲಿಲ್ಲ. ತಮಿಳು, ಪಾರಸಿ, ಹಿಂದೂಸ್ಥಾನಿ, ಮರಾಠಿಗಳನ್ನು ಕಲಿತು ತಿರುಚಿರಾಪಳ್ಳಿ ತಂಜಾವೂರುಗಳಲ್ಲಿ ನೆಲೆನಿಂತರು. ಜನರ ನಡುವೆ ಬಾಳಿ, ಜನರ ನುಡಿಯಲ್ಲಿಯೇ ಮಾತಾಡುತ್ತಿದ್ದ ಈ ಪಾದ್ರಿಯ ಮಾತಿಗೆ ಆ ಸೀಮೆಯಲ್ಲೆಲ್ಲ ಒಂದು ಬೆಲೆಯಿತ್ತು.

1779ರ ಹೊತ್ತಿಗೆ ಇಂಗ್ಲಿಷರ ಮೇಲೆ ಹೈದರನ ಕೋಪ ಕುದಿಯುತ್ತಿತ್ತು. 1769ರ ಒಪ್ಪಂದದಲ್ಲಿ ಪರಸ್ಪರ ಸಹಾಯಕ್ಕೆ ಮಾತು ಕೊಟ್ಟಿದ್ದ ಕಂಪನಿಯವರು, ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕೈಕಟ್ಟಿ ಕುಳಿತಿದ್ದರು. ತನ್ನ ರಕ್ಷಣೆಯಲ್ಲಿದೆಯೆಂದು ಹೈದರನು ಸಾರಿದ್ದ ಮಾಹೆಯ ಬಂದರನ್ನು 1779ರ ಮಾರ್ಚಿಯಲ್ಲಿ ಹಿಡಿದುಕೊಂಡರು. ಹೈದರನ ಮನಸ್ಸಿನಲ್ಲೇನಿದೆಯೆಂದು ತಿಳಿದು, ಸಾಧ್ಯವಾದರೆ ಶಾಂತಿಯ ಮಾತನಾಡಿ ಬರಲು ಮದ್ರಾಸಿನ ಗವರ್ನರ್ ರಂಬೋಲ್ಡ್ ಆರಿಸಿದ್ದು ಶ್ವಾರ್ಟ್ಸ್ ಪಾದ್ರಿಯನ್ನು. ಹೈದರನೂ, ಆ ಕ್ರೈಸ್ತನನ್ನು ಕಳಿಸಿರಿ, ಅವನು ನನಗೆ ಮೋಸ ಮಾಡುವವನಲ್ಲ ಎಂಬ ಅರ್ಥದ ಮಾತನ್ನಾಡಿದನೆಂದು ಪ್ರತೀತಿ.

ಪಾದ್ರಿಯವರು ಕೂಡಲೇ ಒಪ್ಪಲಿಲ್ಲ. ರಾಜಕಾರಣಕ್ಕೂ ತಮ್ಮ ವೃತ್ತಿಗೂ ಹೊಂದಿಕೆಯೆ ಎಂದು ಯೋಚಿಸಿದರು. ರಕ್ತಪಾತ ತಪ್ಪುವುದಾದರೆ ಹೋಗಬೇಕೆಂದೂ, ತಮ್ಮ ಮತವನ್ನು ಹೇಳುವ ಅವಕಾಶ ಸಿಕ್ಕಿದರೆ ಬಿಡಬಾರದೆಂದೂ, ಪ್ರಯಾಣದ ಖರ್ಚಿನ ಹೊರತು ಯಾರಿಂದಲೂ ಉಡುಗೊರೆ ಮುಟ್ಟಬಾರದೆಂದೂ ನಿಶ್ಚಯಿಸಿಕೊಂಡು ಹೊರಟರು. ಇವುಗಳಲ್ಲಿ ಎರಡನೆಯದನ್ನು ಓದುಗರು ಮನಸ್ಸಿನಲ್ಲಿಡಬೇಕು. ಶಾಂತಿಗಾಗಿ ಹೊರಟವರು ತಮ್ಮ ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಹೊರಡಲಿಲ್ಲ.

ಕರೂರಿನ ದಾರಿಯಾಗಿ ಗಜಲಹಟ್ಟಿ ಘಾಟಿಯನ್ನು ಹತ್ತಿ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಅವರು ಶ್ರೀರಂಗಪಟ್ಟಣವನ್ನು ಸೇರಿದರು. ಹೈದರನು ಅವರನ್ನು ತನ್ನ ಪಕ್ಕದಲ್ಲಿಯೇ ರತ್ನಗಂಬಳಿಯ ಮೇಲೆ ಕೂರಿಸಿಕೊಂಡನು. ಪಾದರಕ್ಷೆಯನ್ನು ಬಿಡಬೇಕೆಂದು ಬಲವಂತ ಮಾಡಲಿಲ್ಲ. ಪಾದ್ರಿ ಹೇಳಿದುದನ್ನು ತಾಳ್ಮೆಯಿಂದ ಕೇಳಿ, ಇಂಗ್ಲಿಷರು ಮಾತಿಗೆ ತಪ್ಪಿದ ಸಂದರ್ಭಗಳನ್ನು ಒಂದೊಂದಾಗಿ ಎತ್ತಿ ಹೇಳಿ, ಅವರು ನಿಜವಾಗಿ ಶಾಂತಿಯನ್ನು ಬಯಸುವುದಾದರೆ ತಾನೂ ಸಿದ್ಧನೆಂದನು.

ಅಲ್ಲಿ ಕಂಡದ್ದನ್ನು ಶ್ವಾರ್ಟ್ಸ್ ಬರೆದಿಟ್ಟಿದ್ದಾರೆ. ಅದರಲ್ಲಿ ಮುಖಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಓದುಬರಹ ಬಾರದ ಹೈದರನು ಏಕಕಾಲದಲ್ಲಿ ಹಲವು ಮುನ್ಷಿಗಳಿಗೆ ಕಾಗದ ಹೇಳಿ ಬರೆಸುತ್ತಿದ್ದ ಚುರುಕನ್ನು ಅವರು ಮೆಚ್ಚಿದರು. ತಬ್ಬಲಿ ಹುಡುಗರನ್ನು ಕೂಡಿಸಿ ಅನ್ನ ಬಟ್ಟೆ ಕೊಟ್ಟು, ಮರದ ಬಂದೂಕು ಹಿಡಿಸಿ ಕವಾಯತು ಕಲಿಸುತ್ತಿದ್ದುದನ್ನು ಬರೆದರು. ತಪ್ಪಿದ ಅಧಿಕಾರಿಗಳಿಗೆ ದೊಡ್ಡವರು ಚಿಕ್ಕವರೆನ್ನದೆ ಚಾಟಿಯೇಟು ಬೀಳುತ್ತಿದ್ದುದನ್ನೂ, ಅರಮನೆಯಲ್ಲೆಲ್ಲ ಹರಡಿದ್ದ ಭಯವನ್ನೂ ಅಷ್ಟೇ ನೇರವಾಗಿ ಬರೆದರು.

ಹೈದರನ ಸೇವೆಯಲ್ಲಿ ಜರ್ಮನರೂ ಇತರ ಐರೋಪ್ಯರೂ ತಮಿಳು ಕ್ರೈಸ್ತರೂ ಇದ್ದರು. ಪಾದ್ರಿಯವರು ಅವರನ್ನು ಕೂಡಿಸಿ ಕೋಟೆಯ ಬಳಿ ಡೇರೆಯಲ್ಲಿ ಪ್ರಾರ್ಥನೆ ಮಾಡಿಸಿದರು, ಹಾಡಿದರು, ಬೋಧಿಸಿದರು. ಮುಸಲ್ಮಾನ ದೊರೆಯ ರಾಜಧಾನಿಯಲ್ಲಿ ಅದನ್ನು ಯಾರೂ ತಡೆಯಲಿಲ್ಲ. ಅರಮನೆಯ ದೊಡ್ಡ ಮನುಷ್ಯರು, ಮುಸಲ್ಮಾನರೂ ಬ್ರಾಹ್ಮಣರೂ, ಕುತೂಹಲದಿಂದ ಬಂದು ಕೇಳಿದರು. ಪಾದ್ರಿ ಮುಚ್ಚುಮರೆಯಿಲ್ಲದೆ ತಮ್ಮ ಮತವನ್ನು ವಿವರಿಸಿದರು. ಕೇಳಿದವರು ತಮ್ಮ ಮತದಲ್ಲಿಯೇ ಉಳಿದರು. ಹೊರಡುವ ಹಿಂದಿನ ಸಂಜೆ ಹೈದರನು, ನೀವು ನಮ್ಮವರೊಡನೆ ಪಾರಸಿಯಲ್ಲಿ ಮಾತಾಡಿದಿರಂತೆ, ನಮ್ಮೆದುರಿನಲ್ಲಿಯೂ ಆಡಿ ಎಂದು ಅಪ್ಪಣೆ ಕೊಟ್ಟನು. ಪಾದ್ರಿ ತಾವು ಬಂದ ಉದ್ದೇಶವನ್ನು ಸಭೆಯಲ್ಲಿ ಪಾರಸಿಯಲ್ಲಿಯೇ ಅರಿಕೆ ಮಾಡಿದರು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹೈದರನಿಗೆ ಯಾವ ಮತದಲ್ಲಿಯೂ ವಿಶೇಷವಾದ ಆಸಕ್ತಿಯಿರಲಿಲ್ಲ, ಯಾರು ಯಾವುದನ್ನು ನಂಬಿದರೂ ಅವನಿಗೆ ಒಂದೇ ಎಂಬುದು ಸ್ವತಃ ಶ್ವಾರ್ಟ್ಸರ ಅಭಿಪ್ರಾಯ. ಉದಾಸೀನನಾದ ದೊರೆ ತಾಳ್ಮೆ ತೋರಿದರೆ ಅದರಲ್ಲೇನು ಹೆಚ್ಚುಗಾರಿಕೆ ಎನ್ನಬಹುದು. ಒಪ್ಪತಕ್ಕ ಮಾತೇ. ಆದರೆ ಬಂದು ಕೂತು ಕೇಳಿದ ಆಸ್ಥಾನಿಕರು ಉದಾಸೀನರಾಗಿರಲಿಲ್ಲ. ದೇವರನ್ನು ಕುರಿತು ಪ್ರಶ್ನೆ ಕೇಳುವಷ್ಟು ಅವರಿಗೆ ಅದು ಮುಖ್ಯವಾಗಿತ್ತು. ಅಲ್ಲದೆ ಹೈದರನು ಪಾದ್ರಿಯಲ್ಲಿ ನಂಬಿಕೆಯಿಟ್ಟದ್ದು ಅವರ ಮತ ತೆಳುವಾದುದೆಂದು ತಿಳಿದಲ್ಲ. ಆ ಮತ ಅವರನ್ನು ಸುಳ್ಳಾಡಗೊಡುವುದಿಲ್ಲವೆಂದು ಕಂಡುಕೊಂಡೇ ಅವನು ನಂಬಿದ. ದೃಢವಾದ ನಂಬಿಕೆ ಇಲ್ಲಿ ಸ್ನೇಹಕ್ಕೆ ಅಡ್ಡಿಯಾಗಲಿಲ್ಲ, ಜಾಮೀನಾಯಿತು.

ಹಿಂದಿರುಗುವಾಗ ದಾರಿಯ ಖರ್ಚಿಗೆಂದು ಹೈದರನು ಕೊಡಿಸಿದ 300 ರೂಪಾಯಿಯ ಚೀಲ ಪಲ್ಲಕ್ಕಿಯಲ್ಲಿತ್ತು. ಪಾದ್ರಿ ಹಿಂದಕ್ಕೆ ಕೊಡಲು ನೋಡಿದರು. ತಂದವನ ಪ್ರಾಣಕ್ಕೆ ಸಂಚಕಾರವೆಂದು ತಿಳಿದು ಇಟ್ಟುಕೊಂಡು, ಹೋಗಿ ಮದ್ರಾಸಿನ ಸರ್ಕಾರಕ್ಕೆ ಒಪ್ಪಿಸಿದರು. ನೀವೇ ಇಟ್ಟುಕೊಳ್ಳಿರೆಂದು ಅವರು ಹೇಳಿದಾಗ ಅದನ್ನು ತಂಜಾವೂರಿನಲ್ಲಿ ಒಂದು ಧರ್ಮಶಾಲೆಯ, ಎಂದರೆ ಬಡಮಕ್ಕಳ ಇಂಗ್ಲಿಷ್ ಪಾಠಶಾಲೆಯ, ಮೂಲನಿಧಿ ಮಾಡಿದರು. ಕೆಲವು ತಿಂಗಳ ತರುವಾಯ 1780ರಲ್ಲಿ ಕಂಪನಿಯವರು ಗ್ರೇ ಎಂಬ ಅಧಿಕಾರಿಯನ್ನು ಉಡುಗೊರೆಗಳೊಡನೆ ಕಳಿಸಿದರು. ಹೈದರನು ಆ ಉಡುಗೊರೆಗಳನ್ನು ಹಿಂದಿರುಗಿಸಿದನು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನ. ಆದರೆ ಚರಿತ್ರೆ ನಿಲ್ಲಲಿಲ್ಲ. ಕಂಪನಿಯ ಹಿರಿಯರಿಗೆ ಹೈದರನ ಸ್ನೇಹಕ್ಕಿಂತ ಅವನ ಗುಟ್ಟು ಮುಖ್ಯವಾಗಿತ್ತು. 1780ರ ಜುಲೈಯಲ್ಲಿ ಹೈದರನ ಸೈನ್ಯ ಘಟ್ಟವಿಳಿದು ಕರ್ನಾಟಕ ಪಯಣ್‌ಘಾಟ್ ಸೀಮೆಯನ್ನು ಸುಟ್ಟು ಸೂರೆಗೊಂಡಿತು. ಹಳ್ಳಿಗಳು ಬರಿದಾದುವು, ತಂಜಾವೂರಿನಲ್ಲಿ ಹಸಿವಿನಿಂದ ಜನ ಬೀದಿಯಲ್ಲಿ ಬಿದ್ದು ಸತ್ತರು. ಆ ದಿನಗಳಲ್ಲಿಯೂ ಹೈದರನು ತನ್ನ ದಂಡಿನವರಿಗೆ, ಶ್ವಾರ್ಟ್ಸ್ ಪಾದ್ರಿಯನ್ನು ತಡೆಯಬೇಡಿರಿ, ಗೌರವದಿಂದ ಕಾಣಿರಿ ಎಂದು ಆಜ್ಞೆ ಕಳಿಸಿದ್ದನು. ಪಾದ್ರಿ ಯುದ್ಧಭೂಮಿಯಲ್ಲಿ ಓಡಾಡುತ್ತ, ಧಾನ್ಯ ಕೊಂಡು ತಂದು ಹಸಿದವರಿಗೆ ಹಂಚಿದರು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಟೀಪೂ ಸುಲ್ತಾನನೊಡನೆ ಸಂಧಿಯ ಮಾತುಕತೆ ನಡೆದಾಗ ಪಾದ್ರಿಯನ್ನು ಮತ್ತೆ ಕಳಿಸಿದರು. ಈ ಸಲ ಸತ್ಯಮಂಗಲದ ಬಳಿಯಲ್ಲಿಯೇ ಅವರನ್ನು ತಡೆದು ಹಿಂದಿರುಗಿಸಲಾಯಿತು. 1784ರ ಫೆಬ್ರವರಿಯಲ್ಲಿ, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ ಕರಾವಳಿಯ ಕೆಥೋಲಿಕ್ ಕ್ರೈಸ್ತರನ್ನು ಹೆಂಗಸರು ಮಕ್ಕಳೆನ್ನದೆ ಹಿಡಿದು ಘಟ್ಟ ಹತ್ತಿಸಿ ಅದೇ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ದಾರಿಯಲ್ಲಿ ಸತ್ತವರು ಹಲವರು. ಉಳಿದವರಲ್ಲಿ ಊರಿಗೆ ಹಿಂದಿರುಗಿದವರು ಹಿಂದಿರುಗಿದ್ದು 1799ರ ಅನಂತರ. ಐದು ವರ್ಷದ ಹಿಂದೆ ಪಾದ್ರಿಯ ಪ್ರಾರ್ಥನೆಗೆ ಎಡೆಕೊಟ್ಟ ಊರು ಅದೇ. ಒಂದು ಪುಟವನ್ನು ತೋರಿಸಿ ಇನ್ನೊಂದನ್ನು ಮುಚ್ಚುವುದು ಚರಿತ್ರೆ ಹೇಳುವವನಿಗೆ ತರವಲ್ಲ. ಈ ದುಃಖವನ್ನು ಮರೆಸಲು ಆ ಭೇಟಿಯನ್ನು ಹೇಳಬಾರದು. ಆ ಭೇಟಿಯನ್ನು ಅಳಿಸಲು ಈ ದುಃಖವನ್ನೂ ಹೇಳಬಾರದು.

ಎರಡು ಮತದವರು ಎದುರುಬದುರಾಗುವ ಬಗೆಗಳು ಹಲವು. ಅಕ್ಬರನು 1575ರಲ್ಲಿ ಫತೇಪುರ ಸಿಕ್ರಿಯಲ್ಲಿ ಇಬಾದತ್ ಖಾನೆಯನ್ನು ಕಟ್ಟಿಸಿ ವಾದಸಭೆಗಳನ್ನು ನಡೆಸಿದ. 1580ರಲ್ಲಿ ಗೋವೆಯಿಂದ ಜೆಸುಯಿಟ್ ಪಾದ್ರಿಗಳು ಅಲ್ಲಿಗೆ ಹೋದರು. ಅಲ್ಲಿ ಗೆಲ್ಲಬೇಕೆಂಬ ಹಟವೇ ಮುಂದಾಗುತ್ತಿತ್ತು. 1854ರಲ್ಲಿ ಆಗ್ರಾದಲ್ಲಿ ಫಾಂಡರ್ ಪಾದ್ರಿಗೂ ಮೌಲಾನಾ ರಹಮತುಲ್ಲಾ ಕೈರಾನವಿಯವರಿಗೂ ಬಹಿರಂಗ ವಾದ ನಡೆಯಿತು. ಎರಡು ಕಡೆಯವರೂ ಗೆದ್ದೆವೆಂದು ಸಾರಿಕೊಂಡರು. ಇದಕ್ಕೆ ಬೇರೆಯಾದ ದಾರಿಯೂ ಹಳೆಯದೇ. 1219ರಲ್ಲಿ ಧರ್ಮಯುದ್ಧ ಉರಿಯುತ್ತಿದ್ದಾಗ ಅಸ್ಸಿಸಿಯ ಫ್ರಾನ್ಸಿಸ್ ಸಂತನು ಈಜಿಪ್ಟಿನ ಸುಲ್ತಾನ ಅಲ್ ಕಾಮಿಲನ ಪಾಳೆಯಕ್ಕೆ ನಿರಾಯುಧನಾಗಿ ಹೋದನು. ಯಾರೂ ಮತ ಬದಲಿಸಲಿಲ್ಲ. ಸುಲ್ತಾನನು ಅವನನ್ನು ಕ್ಷೇಮವಾಗಿ ಕಳಿಸಿಕೊಟ್ಟನು. ಏಳು ಶತಮಾನಗಳಿಗೂ ಮಿಕ್ಕ ಕಾಲ ಕಳೆದು, 1965ರ ಅಕ್ಟೋಬರಿನಲ್ಲಿ, ವ್ಯಾಟಿಕನ್ ಮಹಾಸಭೆಯು ಮುಸಲ್ಮಾನರನ್ನು ಗೌರವದಿಂದ ಕಾಣುವುದಾಗಿ ಘೋಷಿಸಿತು. ಯೇಸುವನ್ನು ಅವರು ದೇವರೆಂದು ಒಪ್ಪುವುದಿಲ್ಲವೆಂಬುದನ್ನು ಮರೆಮಾಚದೆಯೇ ಹಾಗೆ ಹೇಳಿತು. 2007ರಲ್ಲಿ 138 ಮಂದಿ ಮುಸಲ್ಮಾನ ವಿದ್ವಾಂಸರು ಕ್ರೈಸ್ತ ಮುಖಂಡರಿಗೆ ಬರೆದ ಬಹಿರಂಗ ಪತ್ರದಲ್ಲಿ ದೇವರ ಪ್ರೀತಿ, ನೆರೆಯವನ ಪ್ರೀತಿ ಈ ಎರಡನ್ನು ಮಾತಿನ ನೆಲೆಯಾಗಿ ಮುಂದಿಟ್ಟರು.

ನಮ್ಮ ನುಡಿಯಲ್ಲಿ ವಾದ, ವಿವಾದ, ಸಂವಾದ ಎಂಬ ಮಾತುಗಳಿವೆ. ಮೂರರಲ್ಲಿಯೂ ಮಾತಾಡುವವರು ಇಬ್ಬರೇ, ಭೇದವೂ ಇದ್ದೇ ಇದೆ. ಭೇದವಿಲ್ಲದಲ್ಲಿ ಸಂವಾದಕ್ಕೆ ಕೆಲಸವೇನು? ಒಂಬತ್ತನೆಯ ಶತಮಾನದ ನಮ್ಮ ಕವಿರಾಜಮಾರ್ಗಕಾರನು ನಿಜವಾದ ಐಶ್ವರ್ಯವೆಂದು ಕರೆದದ್ದು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಶಕ್ತಿಯನ್ನು. ಪರಧರ್ಮವೆಂಬುದಿಲ್ಲ, ಎಲ್ಲವೂ ನಮ್ಮದೇ ಎಂದು ಅವನು ಹೇಳಲಿಲ್ಲ. ವರ್ಷಗಟ್ಟಲೆ ಪಾಠ ಹೇಳಿಯೂ ನಾನು ಈ ಅಂತರವನ್ನು ಗಮನಿಸಿರಲಿಲ್ಲ.

ಮುಂದಿನ ಭಾನುವಾರ ಹರಿಹರಕ್ಕೆ ಹೋಗಿದ್ದೆ. ಅಲ್ಲಿ ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬಕ್ಕೆ ಬೇರೆ ಮತದವರೂ ಬಂದು ಮೇಣದಬತ್ತಿ ಹಚ್ಚುತ್ತಾರೆ; ಹಚ್ಚಿ ತಮ್ಮ ತಮ್ಮ ಮನೆಯ ದೇವರಿಗೆ ಹಿಂದಿರುಗುತ್ತಾರೆ. ಹರಿಹರೇಶ್ವರನ ಎದುರು ನಿಂತು ವಿಗ್ರಹವನ್ನು ಮತ್ತೊಮ್ಮೆ ನೋಡಿದೆ. ಒಂದು ಪಾರ್ಶ್ವದಲ್ಲಿ ಶಿವನ ಲಾಂಛನ, ಇನ್ನೊಂದರಲ್ಲಿ ವಿಷ್ಣುವಿನದು. ಶಿಲ್ಪಿ ಯಾವುದನ್ನೂ ಅಳಿಸಿರಲಿಲ್ಲ. ಅಳಿಸಿದ್ದವನು ನಾನು, ತರಗತಿಯಲ್ಲಿ.

ಆ ಇಬ್ಬರು ಹುಡುಗರನ್ನು ಕರೆದು ಶ್ವಾರ್ಟ್ಸ್ ಪಾದ್ರಿಯ ಕಥೆಯನ್ನು ಪೂರ್ತಿಯಾಗಿ ಹೇಳಿದೆ. ಕೇಳಿ ಮುಗಿದ ಮೇಲೆ ಎರಡನೆಯವನು, "ಆದ್ರೆ ಯುದ್ಧ ನಿಲ್ಲಲಿಲ್ವಲ್ಲ ಸಾರ್" ಎಂದ. ಇಲ್ಲ, ನಿಲ್ಲಲಿಲ್ಲ ಎಂದು ಒಪ್ಪಿಕೊಂಡೆ. ಮೊದಲನೆಯವನು ಸ್ವಲ್ಪ ಯೋಚಿಸಿ, "ಆದ್ರೂ ಕಾಳು ಹಂಚೋಕೆ ದಾರಿ ಸಿಕ್ತಲ್ಲ" ಎಂದ. ಇಬ್ಬರೂ ಅದನ್ನೇ ಚರ್ಚಿಸುತ್ತ ಬಸ್ ನಿಲ್ದಾಣದ ಕಡೆಗೆ ಹೊರಟರು. ಗಂಟೆ ಐದಾಗಿತ್ತು; ನಾನು ಮನೆಯ ದಾರಿ ಹಿಡಿದೆ.