ಸೈಪ್ರಸ್ಸಿನ ಕಾಣೆಯಾದವರ ಸಮಿತಿ ನಡೆದು ಬಂದ ದಾರಿ

ಸೈಪ್ರಸ್ ಎಂದರೆ ಕೊಡಗಿನವರಿಗೆ ಮೊದಲು ನೆನಪಾಗುವವರು ಜನರಲ್ ತಿಮ್ಮಯ್ಯ. ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಅವರು ಅಲ್ಲಿಗೆ ಹೋಗುವ ಮೊದಲೇ, ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವಿನ 1963-64ರ ಕಾದಾಟದಲ್ಲಿ, ಜನ ಕಾಣೆಯಾಗತೊಡಗಿದ್ದರು. 1974ರಲ್ಲಿ ಸೇನಾಕ್ರಾಂತಿ ನಡೆಯಿತು, ಅದರ ಬೆನ್ನಿಗೇ ತುರ್ಕಿಯ ಸೇನೆ ಬಂದಿಳಿಯಿತು, ದ್ವೀಪ ಎರಡು ಭಾಗವಾಯಿತು. ಒಟ್ಟು ಕಾಣೆಯಾದವರು 2002 ಮಂದಿ. ಅವರಲ್ಲಿ 1510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು.

ಇವರನ್ನು ಹುಡುಕಲೆಂದೇ 1981ರ ಏಪ್ರಿಲಿನಲ್ಲಿ ಸಮಿತಿ ಹುಟ್ಟಿತು. ಎರಡೂ ಸಮುದಾಯಗಳಿಂದ ಒಬ್ಬೊಬ್ಬರು, ರೆಡ್‌ಕ್ರಾಸ್ ಆರಿಸಿ ವಿಶ್ವಸಂಸ್ಥೆ ನೇಮಿಸುವ ಒಬ್ಬರು. ಮೂವರೂ ಒಪ್ಪದೆ ಏನೂ ನಡೆಯುವಂತಿರಲಿಲ್ಲ. ಇಪ್ಪತ್ತೈದು ವರ್ಷ ಸಭೆಗಳಾದವು, ಪತ್ರಗಳು ಓಡಾಡಿದವು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನಂಬಲಿಲ್ಲ. ಅಷ್ಟೂ ಕಾಲ ಮನೆಯವರು ಸತ್ತರೆನ್ನಲಾಗದೆ, ಇದ್ದಾರೆನ್ನಲಾಗದೆ ಕಾದರು. 2003ರಲ್ಲಿ ಗಡಿರೇಖೆಯ ದಾಟುದಾರಿಗಳು ತೆರೆದ ಮೇಲೆ ಗಾಳಿ ಬದಲಾಯಿತು. 2006ರಲ್ಲಿ ಅಗೆತ ಶುರುವಾಯಿತು.

ಅರ್ಜೆಂಟೀನಾದ ವಿಧಿವಿಜ್ಞಾನ ತಜ್ಞರು ದ್ವೀಪದ ಯುವಕ ಯುವತಿಯರಿಗೆ ಕೆಲಸ ಕಲಿಸಿಕೊಟ್ಟರು. ನಿಕೋಸಿಯಾದ ಮುಚ್ಚಿಹೋದ ವಿಮಾನ ನಿಲ್ದಾಣದ ಆವರಣದಲ್ಲಿ ಪ್ರಯೋಗಾಲಯವಿದೆ. ಪಾಳುಬಾವಿಯಿಂದಲೋ ಹೊಲದಿಂದಲೋ ತೆಗೆದ ಮೂಳೆಗಳನ್ನು ಅಲ್ಲಿ ಮೇಜಿನ ಮೇಲೆ ಒಂದೊಂದಾಗಿ ಜೋಡಿಸುತ್ತಾರೆ. ಜೋಡಿಸುವವರಲ್ಲಿ ಗ್ರೀಕ್ ಸೈಪ್ರಿಯಟರೂ ಇದ್ದಾರೆ, ತುರ್ಕಿ ಸೈಪ್ರಿಯಟರೂ ಇದ್ದಾರೆ. ಬಂಧುಗಳ ರಕ್ತದ ಡಿಎನ್‌ಎ ತಾಳೆಯಾದರೆ ಮನೆಯವರನ್ನು ಕರೆಸಿ, ಮನಶ್ಶಾಸ್ತ್ರಜ್ಞರನ್ನು ಜೊತೆಗಿರಿಸಿಕೊಂಡು, ಸಿಕ್ಕಿದ್ದನ್ನೆಲ್ಲ ವಿವರಿಸಿ ಒಪ್ಪಿಸುತ್ತಾರೆ. 2007ರ ಜುಲೈಯಲ್ಲಿ ಮೊದಲ ಅಸ್ಥಿಗಳು ಮನೆಯವರ ಕೈಸೇರಿದವು. ಆಮೇಲೆ ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಸಿಕ್ಕಿದೆ. ಅಷ್ಟು ಮನೆಗಳವರು ತಮ್ಮವರನ್ನು ತಮ್ಮ ಕೈಯಾರೆ ಮಣ್ಣು ಮಾಡಿದರು.

ಕೊಂದವರು ಯಾರು, ಸಾವು ಹೇಗಾಯಿತು ಎಂದು ತೀರ್ಮಾನಿಸುವ ಅಧಿಕಾರ ಸಮಿತಿಗಿಲ್ಲ. ಹೂತ ಜಾಗ ತೋರಿಸಿದವರ ಹೆಸರೂ ಹೊರಬೀಳುವುದಿಲ್ಲ. ಇದು ನ್ಯಾಯಕ್ಕೆ ಬಗೆದ ದ್ರೋಹವೆಂದು ನೊಂದವರು ಹಲವರು, ಅವರ ನೋವು ಸುಳ್ಳಲ್ಲ. ಆದರೂ ಈ ನಿಯಮ ಸರಿಯೆಂದೇ ನಾನು ನಂಬುತ್ತೇನೆ. ಶಿಕ್ಷೆಯ ಭಯವಿದ್ದಿದ್ದರೆ ಊರ ಹಿರಿಯರು ಬಾಯಿ ಬಿಡುತ್ತಿರಲಿಲ್ಲ, ತಾಯಂದಿರು ಬರಿಗೈಯಲ್ಲೇ ಕಣ್ಣು ಮುಚ್ಚುತ್ತಿದ್ದರು. ಮೂವರೂ ಒಪ್ಪಲೇಬೇಕೆಂಬ ಆ ಹಳೆಯ ಕಟ್ಟಳೆಯಿಂದಲೇ, ಸಮಿತಿ ಹೇಳಿದ ಗುರುತನ್ನು ಇಂದು ಎರಡೂ ಕಡೆಯವರು ನಂಬುತ್ತಾರೆ.

ಉತ್ತರದ ಸೇನಾ ವಲಯಗಳ 30 ಜಾಗಗಳಲ್ಲಿ ಅಗೆಯಲು 2015ರಲ್ಲಿ ಅನುಮತಿ ಸಿಕ್ಕಿತು. ಈಚೆಗೆ ಎಷ್ಟು ಅಗೆದರೂ ಸಿಗುವುದು ಕಡಿಮೆ. ಕೆಲವು ಗುಂಡಿಗಳ ಮೇಲೆ ಕಟ್ಟಡಗಳೆದ್ದಿವೆ, ಕೆಲವು ಕಡೆ ಮೂಳೆಗಳನ್ನು ಬೇರೆಡೆಗೆ ಸಾಗಿಸಿಬಿಟ್ಟಿದ್ದಾರೆ, ಕಂಡವರು ಮುದುಕರಾಗಿದ್ದಾರೆ. ಹಾಗಾಗಿ ಆಗ ದ್ವೀಪದಲ್ಲಿದ್ದ ಸೇನೆಗಳ ಹಳೆಯ ಕಡತಗಳಿಗಾಗಿ ಸಮಿತಿ ಕೇಳುತ್ತ ಬಂದಿದೆ.