ಅಜ್ಜನ ಚಿಪ್, ನಾಲ್ಕು ತಂತಿ (ಭಾಗ 4)

ಗಜೇಂದ್ರಗಡಕ್ಕ ಹೋದಾಗ ಮೊಬೈಲ್ ಅಂಗಡ್ಯಾಗ ಕುಂತು 2 ಜಿಬಿ ಚಿಪ್‌ಗೆ ಹಾಡು ತುಂಬಿಸ್ಕೊಂಡು ಬರ್ತಿದ್ವಿ, ನೆನಪೈತೇನು?

ಲಕ್ಕಲಕಟ್ಟಿಯ ನಮ್ಮ ಮನ್ಯಾಗ ಅಂಥದ್ದೊಂದು ಚಿಪ್ ಇನ್ನೂ ಐತಿ. ಅಜ್ಜನ ಕೀಪ್ಯಾಡ್ ಫೋನಿಂದು. ಅಂಗಡಿ ಹಾಡಿನ ಜೋಡಿ ಅಜ್ಜ ತಾನೇ ಹಾಡಿ ರೆಕಾರ್ಡ್ ಮಾಡಿದ ಹನ್ನೊಂದು ಭಜನಿ ಪದ ಅದರಾಗ ಅದಾವ. ಅಜ್ಜ ಈಗಿಲ್ಲ. ಫೋನೂ ಕೆಟ್ಟೈತಿ. ಅದನ್ನ ಇಎಸ್‌ಪಿ32 ಅನ್ನೋ ವೈಫೈ ಮಾಡ್ಯೂಲ್‌ಗೆ ಜೋಡಿಸಿದ್ರ ಮನಿಯವರೆಲ್ಲ ತಮ್ಮ ತಮ್ಮ ಫೋನಿನ್ಯಾಗ ಕೇಳಬಹುದು. ಇಂಟರ್ನೆಟ್ ಬೇಕಾಗಿಲ್ಲ, ವೈಫೈ ಆ ಮಾಡ್ಯೂಲೇ ಕೊಡ್ತದ. ಆದ್ರ ಹಳೇ ಚಿಪ್‌ಗೂ ಹೊಸ ಮಾಡ್ಯೂಲ್‌ಗೂ ಮಾತು ಹೆಂಗ ಹತ್ತತದ? ಇತಿಹಾಸ ಅಲ್ಲೇ ಐತಿ.

ಕರೆಂಟ್ ಹೋದರೂ ಬರೆದದ್ದು ಅಳಿಯದ ಫ್ಲ್ಯಾಶ್ ಮೆಮೊರಿ, ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಅವರ ಶೋಧ. 1984ರಲ್ಲಿ ಮೊದಲ ಬಗೆ ತೋರಿಸಿದರು, 1987ರಲ್ಲಿ ಇವತ್ತಿನ ಕಾರ್ಡುಗಳಲ್ಲಿರುವ ನ್ಯಾಂಡ್ ಬಗೆ. 1997ರಲ್ಲಿ ಸ್ಯಾನ್‌ಡಿಸ್ಕ್ ಮತ್ತು ಸೀಮೆನ್ಸ್ ಎಂಎಂಸಿ ಕಾರ್ಡ್ ತಂದವು. ಆಗೊಂದು ಶಾಣ್ಯಾ ಕೆಲಸ ಮಾಡಿದ್ರು ನೋಡ್ರಿ. ಕಾರ್ಡಿಗೆ ತನ್ನದೇ ಪದ್ಧತಿಯ ಜೊತೆ ಎಸ್‌ಪಿಐ ಅನ್ನೋ ಹಳೇ ಸರಳ ಪದ್ಧತಿಯನ್ನೂ ಕಲಿಸಿದ್ರು. ಅದು 1980ರ ದಶಕದ್ದು, ಮೋಟೊರೊಲಾ ಕಂಪನಿಯದು. ನಾಲ್ಕೇ ತಂತಿ. ಒಂದು ತಾಳ ಹಾಕ್ತದ, ಒಂದರಾಗ ಮಾತು ಹೋಗ್ತದ, ಇನ್ನೊಂದರಾಗ ಉತ್ತರ ಬರ್ತದ, ನಾಲ್ಕನೇದು 'ಏ, ನಿನಗೇ ಹೇಳಾಕತ್ತೀನಿ' ಅಂತ ಕಾರ್ಡನ್ನ ಕರೀತದ. ಇಷ್ಟು ಮಾಡೋದು ಅಗ್ಗದ ಚಿಪ್‌ಗೂ ಬರ್ತದ.

1999ರಲ್ಲಿ ಪ್ಯಾನಾಸೋನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಕೂಡಿ ಎಸ್‌ಡಿ ಕಾರ್ಡ್ ಘೋಷಿಸಿದಾಗಲೂ ಇದನ್ನ ಕೈಬಿಡಲಿಲ್ಲ. 2005ರಲ್ಲಿ ಮೈಕ್ರೊಎಸ್‌ಡಿ ಬಂತು, 15 ಮಿ.ಮೀ. ಉದ್ದ, 11 ಮಿ.ಮೀ. ಅಗಲ, ಉಗುರಿನಷ್ಟು. ಆಗಲೂ ಬಿಡಲಿಲ್ಲ. ಹಂಗಾಗಿ 2016ರಲ್ಲಿ ಶಾಂಘೈನ ಎಸ್ಪ್ರೆಸಿಫ್ ತಂದ ಇಎಸ್‌ಪಿ32 ನಮ್ಮಜ್ಜನ ಚಿಪ್ ಜೋಡಿ ಮಾತಾಡ್ತದ.

ಮೊದಲ ರಾತ್ರಿ ಮಾತಾಡಲಿಲ್ಲ. 'ಕಾರ್ಡ್ ಮೌಂಟ್ ಫೇಲ್ಡ್' ಅಂತಷ್ಟೇ ಬರ್ತಿತ್ತು. ಮೊದಲು ರೀಡರ್‌ಗೆ ಹಾಕಿ ಕಾಪಿ ತಗೋಬೇಕಿತ್ತು, ತಗೊಂಡಿರಲಿಲ್ಲ (ನಾನು ಬಿಕಾಂ, ಬೈಬ್ಯಾಡ್ರಿ). ಎದಿ ಡವಡವ. ಅಜ್ಜನ ದನಿ ನನ್ನ ಕೈಯಾಗೇ ಹೋತೇನೋ ಅನಿಸ್ತು.

ತಪ್ಪು ಚಿಪ್‌ದಲ್ಲ, ನಂದು. ಕಾರ್ಡ್ ಓಡೋದು 3.3 ವೋಲ್ಟ್‌ನ್ಯಾಗ, 5 ಕೊಟ್ರ ಸುಡ್ತದ ಅಂತ ಓದಿ ಅಂಜಿ, ಕಾರ್ಡ್ ಸಿಗಿಸೋ ಬೋರ್ಡಿಗೆ 3.3 ಕೊಟ್ಟಿದ್ದೆ. ಆ ಬೋರ್ಡಿನ ಮ್ಯಾಲೇ ಒಂದು ರೆಗ್ಯುಲೇಟರ್ ಇತ್ತು. ಅದು 5 ತಗೊಂಡು 3.3 ಮಾಡಿ ಕೊಡೋದು. ನಾ ಕೊಟ್ಟ 3.3ರಾಗ ಅದು ತನ್ನ ಪಾಲು ಮುರ್ಕೊಂಡು ಕಾರ್ಡಿಗೆ ಕಡಿಮಿ ಕಳಸ್ತಿತ್ತು. ಬೋರ್ಡಿಗೆ 5 ಕೊಟ್ಟೆ, ಹೆಸರುಗಳು ಸಾಲಾಗಿ ಬಂದ್ವು. ನಿಮ್ಮ ಬೋರ್ಡಿನ ಮ್ಯಾಲೆ ರೆಗ್ಯುಲೇಟರ್ ಇಲ್ಲಂದ್ರ ಮಾತ್ರ 5 ಕೊಡಬ್ಯಾಡ್ರಿ, ಖರೇನ ಸುಡ್ತದ.

ಅವತ್ತೇ ಮೂರು ಕಡೆ ಕಾಪಿ ಇಟ್ಟೆ. ಮೂರನೇ ಪದದ ನಡುವ ಅಜ್ಜ ಹಾಡೋದು ನಿಲ್ಲಿಸಿ ಯಾರಿಗೋ ಎಮ್ಮಿ ಕಟ್ಟಾಕ ಹೇಳ್ತಾನ. ಅವ್ವ ಅದಷ್ಟನ್ನೇ ಮತ್ತ ಮತ್ತ ಹಚ್ಚು ಅಂತಾಳ.