ವೃಕ್ಷಾಯುರ್ವೇದವೂ ದಾಳಿಂಬೆಯ ತೋಟಗಳೂ

ಘಟಪ್ರಭಾತೀರದ ಅನಗವಾಡಿ ಮೊದಲ್ಗೊಂಡು ಬೀಳಗಿ, ಬಾಗಲಕೋಟೆಗಳ ಸೀಮೆಯಲ್ಲಿ ಹಣ್ಣಿನ ತೋಟಗಳ ಮಾತು ಬಂದಾಗಲೆಲ್ಲ, ನೂತನ ಕೃಷಿಯ ಸಕಲ ಮರ್ಮಗಳೂ ನಮ್ಮ ಪೂರ್ವಿಕರಿಗೆ ವಿದಿತವಾಗಿದ್ದವೆಂಬ ಹೊಗಳಿಕೆಯು ಕೇಳಿಬರುವುದುಂಟು. ಗ್ರಂಥವನ್ನು ತೆರೆಯದೆ ಆಡುವ ಈ ಮಾತು ಗ್ರಂಥಕ್ಕೂ ಹಿತವಲ್ಲ, ತೋಟಕ್ಕೂ ಹಿತವಲ್ಲ. ಆದಕಾರಣ ಮೂಲವು ಏನನ್ನು ಹೇಳುತ್ತದೆಂಬುದನ್ನು ಇಲ್ಲಿ ವಿಚಾರಿಸುವೆನು.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕನ್ನಡದಲ್ಲಿ ಈ ಶಾಸ್ತ್ರವನ್ನು ನಿರೂಪಿಸಿದವನು ಕಲ್ಯಾಣ ಚಾಲುಕ್ಯರ ಜಯಸಿಂಹನ ಆಶ್ರಿತನಾದ ಚಾವುಂಡರಾಯನು. ಅವನ ಲೋಕೋಪಕಾರದ ಕಾಲವು ಸುಮಾರು 1025. (ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಬೇರೆ, ವಿದ್ಯಾರ್ಥಿಗಳು ಇವರೀರ್ವರನ್ನು ಕಲಸುವುದು ಇನ್ನೂ ನಿಂತಿಲ್ಲ.)

ವರಾಹಮಿಹಿರನು ಮೊದಲು ನೆಲದ ಸಂಸ್ಕಾರವನ್ನು ಹೇಳುವನು. ಮೃದುವಾದ ಭೂಮಿಯಲ್ಲಿ ಎಳ್ಳನ್ನು ಬಿತ್ತಿ, ಅದು ಹೂಬಿಟ್ಟೊಡನೆ ಅಲ್ಲಿಯೇ ತುಳಿದು ಮರ್ದಿಸಬೇಕು; ಗಿಡ ನೆಡುವುದು ಅನಂತರ. ಕಾಯಿ ಕಟ್ಟುವ ಮೊದಲೇ ಎಂಬುದನ್ನು ಗಮನಿಸಬೇಕು. ಇಂದು ಸೆಣಬನ್ನು ಬಿತ್ತಿ ಹೂವಿನ ಹೊತ್ತಿಗೆ ಮಣ್ಣಿಗೆ ಸೇರಿಸುವ ಹಸುರು ಗೊಬ್ಬರದ ಕ್ರಮವು ಇದಕ್ಕೆ ಸಮೀಪವಾದುದು. ಇಷ್ಟರಮಟ್ಟಿಗೆ ಹೊಗಳಿಕೆಯು ನ್ಯಾಯವೇ. ಕಾಂಡದಿಂದ ಬೆಳೆಸತಕ್ಕವುಗಳ ಪಟ್ಟಿಯಲ್ಲಿಯೂ ನಮ್ಮ ಸೀಮೆಯ ಎರಡು ಬೆಳೆಗಳಾದ ದಾಡಿಮ, ದ್ರಾಕ್ಷಗಳು ಕಾಣಸಿಗುತ್ತವೆ.

ಅಂತರದ ವಿಷಯದಲ್ಲಿ ಮಾತ್ರ ಭೇದವಿದೆ. ಗಿಡದಿಂದ ಗಿಡಕ್ಕೆ 20 ಹಸ್ತವು ಉತ್ತಮ, 16 ಮಧ್ಯಮ, 12 ಕನಿಷ್ಠ. ಬೇರುಗಳು ಹೆಣೆದುಕೊಂಡರೆ ಫಲವು ಸರಿಯಾಗಿ ಬಾರದೆಂದು ಕಾರಣವನ್ನೂ ಕೊಟ್ಟಿರುವನು. ಹಸ್ತಕ್ಕೆ ಒಂದೂವರೆ ಅಡಿಯೆಂದರೆ ಕನಿಷ್ಠವೂ 18 ಅಡಿಯಾಯಿತು. ಈಗ ದಾಳಿಂಬೆಯನ್ನು 15 ಅಡಿಗೆ 10 ಅಡಿಯಂತೆ ನೆಡುವ ವಾಡಿಕೆಯಿದೆ. ಆಚಾರ್ಯನ ಮಾತು ಮರಗಳ ಸಾಮಾನ್ಯಕ್ಕೆ ಹೇಳಿದುದು, ಕತ್ತರಿಸಿ ಗಿಡ್ಡಾಗಿಟ್ಟ ಪೊದೆಗೆ ಅನ್ವಯಿಸದೆಂದು ಆಕ್ಷೇಪಿಸಬಹುದು. ನಾನೂ ಅದನ್ನು ಒಪ್ಪುವೆನು.

ರೋಗಪ್ರಕರಣದಲ್ಲಿಯೇ ನಿಜವಾದ ತೊಡಕು. ಚಳಿ, ಗಾಳಿ, ಬಿಸಿಲುಗಳಿಂದ ಎಲೆ ಬಿಳುಪೇರುವುದು, ಕೊಂಬೆ ಒಣಗುವುದು, ರಸ ಸೋರುವುದು. ಶಸ್ತ್ರದಿಂದ ಶುದ್ಧಿ ಮಾಡಿ ವಿಡಂಗ, ತುಪ್ಪ, ಕೆಸರುಗಳ ಲೇಪವನ್ನು ಹಚ್ಚುವುದು ಚಿಕಿತ್ಸೆ. ರೋಗಪೀಡಿತ ರೆಂಬೆಯನ್ನು ಮಚ್ಚೆಯಿಂದ ಎರಡಂಗುಲ ಕೆಳಗೆ ಕತ್ತರಿಸಿ ಬೋರ್ಡೋ ಮುಲಾಮನ್ನು ಬಳಿಯುವ ಇಂದಿನ ಕ್ರಮವು ಇದನ್ನು ಹೋಲುವುದು. ಆದರೆ ಒಂದು ಗಿಡದಿಂದ ಮತ್ತೊಂದಕ್ಕೆ ಅಂಟುವ ರೋಗದ ಕಲ್ಪನೆಯು ಆ ಅಧ್ಯಾಯದಲ್ಲಿಲ್ಲ. ಭಾರತದಲ್ಲಿ 1952ರಲ್ಲಿ ದೆಹಲಿಯಲ್ಲಿ ಮೊದಲು ವರದಿಯಾದ ದುಂಡಾಣು ಅಂಗಮಾರಿಯು ರೋಗಗ್ರಸ್ತವಾದ ಸಸಿಯಿಂದಲೂ ಕತ್ತರಿಯಿಂದಲೂ ಮಳೆಯ ಸಿಡಿತದಿಂದಲೂ ಹರಡತಕ್ಕದ್ದು. ಉತ್ತರ ಕರ್ನಾಟಕದ ಎಷ್ಟೋ ತೋಟಗಳನ್ನು ಕಿತ್ತುಹಾಕಿಸಿದುದು ಅದೇ. ಕಾಂಡವನ್ನು ಗೋಮಯದಿಂದ ಲೇಪಿಸಿ ನೆಡಬೇಕೆಂಬ ವಿಧಿಯನ್ನೇ ನಂಬಿ, ತಾಯಿಗಿಡವನ್ನು ಪರೀಕ್ಷಿಸದವನಿಗೆ ಶಾಸ್ತ್ರವು ರಕ್ಷೆಯಾಗಲಾರದು. ಆ ಪರೀಕ್ಷೆಗೆ ಬಾಗಲಕೋಟೆಯಲ್ಲಿಯೇ 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಶ್ವವಿದ್ಯಾಲಯದಂತಹ ಸ್ಥಾನಗಳನ್ನು ಆಶ್ರಯಿಸಬೇಕಾಗುವುದು.

ಗಿಡಕ್ಕೆ ನೀರು ನಿಲ್ಲಿಸಿ ಹೂವೆಬ್ಬಿಸುವ ಹಂಗಾಮುಗಳಿಗೆ ತೋಟಿಗರು ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರವೆನ್ನುವರು. ಪಾರಸೀಕ ಶಬ್ದಕ್ಕೆ ನಕ್ಷತ್ರನಾಮವು ಅಂಟಿದ ಈ ಸಮಾಸವನ್ನು ಯಾವ ವೈಯಾಕರಣನು ಮಾಡಿದನೋ! ಅಂಗಮಾರಿಯಿರುವಲ್ಲಿ ಮೃಗಶಿರೆಯ ಮಳೆಗೆ ಹೂವನ್ನು ಒಡ್ಡದೆ, ಹಸ್ತ ಬಹಾರವನ್ನು ಹಿಡಿಯುವುದು ಈಗಿನ ಉಪದೇಶ.